ವಿಕಿರಣ ಡಿಟೆಕ್ಟರ್‌ಗಳ ಕೇಬಲ್ ಜೋಡಣೆ

ವಿಕಿರಣ ಡಿಟೆಕ್ಟರ್‌ಗಳ ಕೇಬಲ್ ಜೋಡಣೆ ಎಂದರೆ ಪ್ರಯೋಗಾಲಯಗಳಲ್ಲಿ ಗಾಮಾ ಕಿರಣ, ಬೀಟಾ ಕಣ ಮೊದಲಾದ ವಿಕಿರಣಗಳನ್ನು ಪತ್ತೆಹಚ್ಚುವ ಉಪಕರಣಕ್ಕೆ (ಡಿಟೆಕ್ಟರ್ ಅಥವಾ ಶೋಧಕ) ಅಧಿಕ ವೋಲ್ಟೇಜನ್ನು ಒದಗಿಸುವ ಹಾಗೂ ಅದರಿಂದ ಹೊರಡುವ ವಿದ್ಯುತ್ ಸಂಕೇತವನ್ನು ಅಳತೆಯ ಯಂತ್ರಕ್ಕೆ ಒಯ್ಯುವ ಕೇಬಲ್‌ಗಳನ್ನು ಆಯ್ದು, ಕ್ರಮಬದ್ಧವಾಗಿ ಜೋಡಿಸುವ ವಿಧಾನ. ಡಿಟೆಕ್ಟರ್‌ನಿಂದ ಬರುವ ಸಂಕೇತವು ಅತ್ಯಂತ ದುರ್ಬಲವಾದುದರಿಂದ ಕೇಬಲ್, ಕನೆಕ್ಟರ್ ಮತ್ತು ಭೂಸಂಪರ್ಕ ಇವು ಮೂರೂ ಮಾಪನದ ಭಾಗಗಳೆಂದೇ ಪರಿಗಣಿಸಲ್ಪಡುತ್ತವೆ. ತಪ್ಪು ಜೋಡಣೆಯ ಪರಿಣಾಮಗಳು ಎರಡು ಬಗೆಯವು. ಕೆಲವು ತಪ್ಪುಗಳು ಬೆಲೆಬಾಳುವ ಉಪಕರಣವನ್ನು ಕ್ಷಣಾರ್ಧದಲ್ಲಿ ಕೆಡಿಸುತ್ತವೆ. ಇನ್ನು ಕೆಲವು ಯಾವ ಸೂಚನೆಯನ್ನೂ ಕೊಡದೆ ಫಲಿತಾಂಶದ ಸಂಖ್ಯೆಗಳನ್ನು ಬದಲಿಸುತ್ತವೆ. ಎರಡನೆಯ ಬಗೆಯ ತಪ್ಪುಗಳನ್ನು ಗುರುತಿಸುವುದು ಹೆಚ್ಚು ಕಷ್ಟ.

ಕರ್ನಾಟಕದಲ್ಲಿ ಇಂತಹ ಉಪಕರಣಗಳನ್ನು ನಿರಂತರವಾಗಿ ಬಳಸುವ ಸ್ಥಳಗಳಲ್ಲಿ ಮಂಗಳೂರಿನ ಸಮೀಪದ ಕೊಣಾಜೆಯಲ್ಲಿರುವ ಮಂಗಳೂರು ವಿಶ್ವವಿದ್ಯಾನಿಲಯವೂ ಒಂದು. ಕರಾವಳಿಯ ತೇವಭರಿತ ಹವೆ, ದೀರ್ಘ ಮಳೆಗಾಲ ಮತ್ತು ಸಿಡಿಲು ಇವು ಅಲ್ಲಿನ ಪ್ರಯೋಗಾಲಯಗಳಲ್ಲಿ ಕೇಬಲ್ ಜೋಡಣೆಗೆ ವಿಶೇಷ ಮಹತ್ತ್ವವನ್ನು ತಂದಿವೆ.

## ಮಂಗಳೂರಿನಲ್ಲಿ ವಿಕಿರಣ ಮಾಪನ

ಮಂಗಳೂರು ವಿಶ್ವವಿದ್ಯಾನಿಲಯವು 1980ರಲ್ಲಿ ಸ್ಥಾಪನೆಯಾಯಿತು. ಅದಕ್ಕೆ ಮೊದಲು ಅದು ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು. ಇದರ ಆವರಣಕ್ಕೆ ಮಂಗಳಗಂಗೋತ್ರಿ ಎಂದು ಹೆಸರು. ಇಲ್ಲಿನ ಭೌತವಿಜ್ಞಾನಿಗಳು ಕರಾವಳಿ ಕರ್ನಾಟಕದ ಮಣ್ಣು, ಮರಳು, ನೀರು, ಗಾಳಿ ಮತ್ತು ಆಹಾರ ಪದಾರ್ಥಗಳಲ್ಲಿರುವ ಸ್ವಾಭಾವಿಕ ವಿಕಿರಣಶೀಲತೆಯನ್ನು ದೀರ್ಘಕಾಲದಿಂದ ಅಳೆಯುತ್ತ ಬಂದಿದ್ದಾರೆ. ಈ ಕೆಲಸಕ್ಕಾಗಿ ವಿಶ್ವವಿದ್ಯಾನಿಲಯದಲ್ಲಿ ಪರಿಸರ ವಿಕಿರಣಶೀಲತೆಯ ಉನ್ನತ ಸಂಶೋಧನಾ ಕೇಂದ್ರವಿದೆ.

ನೇತ್ರಾವತಿ ನದಿಯ ಅಳಿವೆಯ ದಕ್ಷಿಣಕ್ಕಿರುವ ಉಳ್ಳಾಲದ ಕಡಲತೀರದ ಮರಳಿನಲ್ಲಿ ಥೋರಿಯಂ ಧಾತುವುಳ್ಳ ಮೊನಜೈಟ್ ಖನಿಜವಿದೆ. ಈ ಪ್ರದೇಶದ ಸ್ವಾಭಾವಿಕ ವಿಕಿರಣದ ಮಟ್ಟವು ಸುತ್ತಲಿನ ಪ್ರದೇಶಕ್ಕಿಂತ ಹೆಚ್ಚಾಗಿರುವುದನ್ನು ವಿವರಿಸುವ ಸಂಶೋಧನಾ ಲೇಖನವು 1993ರಲ್ಲಿ ‘ಹೆಲ್ತ್ ಫಿಸಿಕ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಉತ್ತರ ಕನ್ನಡ ಜಿಲ್ಲೆಯ ಕೈಗಾ ಅಣು ವಿದ್ಯುತ್ ಸ್ಥಾವರವು 2000ದಲ್ಲಿ ಉತ್ಪಾದನೆಯನ್ನು ಆರಂಭಿಸುವ ಮುನ್ನವೇ ಅದರ ಸುತ್ತಲಿನ ಪರಿಸರದ ವಿಕಿರಣ ಮಟ್ಟವನ್ನು ದಾಖಲಿಸುವ ಕಾರ್ಯವನ್ನು ಇದೇ ವಿಶ್ವವಿದ್ಯಾನಿಲಯವು ಕೈಗೊಂಡಿತ್ತು. ಇಂತಹ ಪೂರ್ವದಾಖಲೆಯು ಮುಂದಿನ ಎಲ್ಲ ಹೋಲಿಕೆಗಳಿಗೆ ಆಧಾರವಾಗುತ್ತದೆ. ಸ್ಥಾವರ ಕಾರ್ಯಾರಂಭ ಮಾಡಿದ ಮೇಲೆ ಹಿಂದಿನ ಸ್ಥಿತಿಯನ್ನು ಮತ್ತೆ ಅಳೆಯಲು ಸಾಧ್ಯವಿಲ್ಲವಾದುದರಿಂದ, ಆ ಅಳತೆಯಲ್ಲಿ ಉಳಿದುಹೋದ ದೋಷವನ್ನು ಆಮೇಲೆ ಸರಿಪಡಿಸುವುದು ಬಹಳ ಕಷ್ಟ.

ವಿಶ್ವವಿದ್ಯಾನಿಲಯದ ಮೈಕ್ರೋಟ್ರಾನ್ ಕೇಂದ್ರದಲ್ಲಿ ಎಲೆಕ್ಟ್ರಾನುಗಳನ್ನು 8 ದಶಲಕ್ಷ ಎಲೆಕ್ಟ್ರಾನ್‌ವೋಲ್ಟ್ (8 ಎಂಇವಿ) ಶಕ್ತಿಯವರೆಗೆ ವೇಗೋತ್ಕರ್ಷಿಸುವ ಯಂತ್ರವಿದೆ. ಇದನ್ನು ಇಂದೋರಿನ ಸಂಸ್ಥೆಯ (ಈಗಿನ ರಾಜಾ ರಾಮಣ್ಣ ಪ್ರಗತ ತಂತ್ರಜ್ಞಾನ ಕೇಂದ್ರ) ಸಹಯೋಗದಲ್ಲಿ ಸ್ಥಾಪಿಸಲಾಯಿತು. ಇಂತಹ ಯಂತ್ರಗಳು ಸೂಕ್ಷ್ಮತರಂಗ ಶಕ್ತಿಯನ್ನು ಬಿಟ್ಟುಬಿಟ್ಟು, ಸ್ಪಂದಗಳ ರೂಪದಲ್ಲಿ ಬಳಸುವುದರಿಂದ ಹತ್ತಿರದ ಡಿಟೆಕ್ಟರ್ ಕೇಬಲ್‌ಗಳಲ್ಲಿ ವಿದ್ಯುತ್ಕಾಂತೀಯ ಅಡಚಣೆ ಉಂಟಾಗುವ ಸಂಭವವಿರುತ್ತದೆ.

## ಸಂಕೇತದ ಸ್ವರೂಪ

ಗಾಮಾ ಕಿರಣದ ಒಂದು ಫೋಟಾನು ಜರ್ಮೇನಿಯಂ ಹರಳಿನಲ್ಲಿ ಹೀರಲ್ಪಟ್ಟಾಗ ಎಲೆಕ್ಟ್ರಾನ್ ಮತ್ತು ರಂಧ್ರಗಳ ಜೋಡಿಗಳು ಉಂಟಾಗುತ್ತವೆ. ಒಂದು ಜೋಡಿಗೆ ಸರಾಸರಿ 2.96 ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ವ್ಯಯವಾಗುತ್ತದೆ. ಸೀಸಿಯಂ-137ರಿಂದ ಬರುವ 661.7 ಸಾವಿರ ಎಲೆಕ್ಟ್ರಾನ್‌ವೋಲ್ಟ್ (ಕೆಇವಿ) ಶಕ್ತಿಯ ಒಂದು ಫೋಟಾನು ಪೂರ್ಣವಾಗಿ ಹೀರಲ್ಪಟ್ಟರೆ ಸುಮಾರು 2.2 ಲಕ್ಷ ಜೋಡಿಗಳು ದೊರೆಯುತ್ತವೆ. ಇವುಗಳ ಒಟ್ಟು ವಿದ್ಯುದಾವೇಶವು ಒಂದು ಕೂಲಂಬಿನ ಲಕ್ಷ ಕೋಟಿಯ ಒಂದು ಭಾಗದಲ್ಲಿ ಶೇಕಡಾ 4ಕ್ಕಿಂತಲೂ ಕಡಿಮೆ.

ಸಾಮಾನ್ಯ 50 ಓಮ್ ಕೇಬಲ್‌ಗೆ ಪ್ರತಿ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಧಾರಕತೆ ಇರುತ್ತದೆ. ಮೇಲೆ ಹೇಳಿದ ಆವೇಶವನ್ನು ಅಂತಹ ಒಂದು ಮೀಟರ್ ಕೇಬಲಿನ ಮೇಲೆ ಹರಡಿದರೆ ಉಂಟಾಗುವ ವೋಲ್ಟೇಜು ಸುಮಾರು 0.36 ಮಿಲಿವೋಲ್ಟ್ ಮಾತ್ರ. ಕೇಬಲಿನ ಉದ್ದ ಹೆಚ್ಚಿದಂತೆ ಇದು ಇನ್ನೂ ಕುಗ್ಗುತ್ತದೆ ಮತ್ತು ವಿದ್ಯುತ್ ಗದ್ದಲದಲ್ಲಿ ಮರೆಯಾಗುತ್ತದೆ. ಈ ಕಾರಣದಿಂದ ಪೂರ್ವವರ್ಧಕವನ್ನು (ಪ್ರಿ-ಆಂಪ್ಲಿಫೈಯರ್) ಹರಳಿನ ಪಕ್ಕದಲ್ಲಿಯೇ ಇರಿಸಲಾಗುತ್ತದೆ. ಉದ್ದನೆಯ ಕೇಬಲುಗಳು ಪೂರ್ವವರ್ಧಕದ ನಂತರವೇ ಆರಂಭವಾಗಬೇಕೆಂಬುದು ಜೋಡಣೆಯ ಮೊದಲ ನಿಯಮ.

## ಸಂಕೇತದ ಸರಣಿ

ಒಂದು ಗಾಮಾ ರೋಹಿತಮಾಪಕದಲ್ಲಿ (ಸ್ಪೆಕ್ಟ್ರೋಮೀಟರ್) ಸಾಮಾನ್ಯವಾಗಿ ಈ ಘಟಕಗಳಿರುತ್ತವೆ:

- ಡಿಟೆಕ್ಟರ್ ಮತ್ತು ಅದಕ್ಕೆ ಅಂಟಿಕೊಂಡಿರುವ ಪೂರ್ವವರ್ಧಕ
- ಅಧಿಕ ವೋಲ್ಟೇಜಿನ ಘಟಕ
- ಸ್ಪಂದಕ್ಕೆ ನಿರ್ದಿಷ್ಟ ಆಕಾರ ಕೊಡುವ ಮುಖ್ಯ ವರ್ಧಕ
- ಸ್ಪಂದದ ಎತ್ತರವನ್ನು ಅಳೆದು ವಿಂಗಡಿಸುವ ಬಹುವಾಹಿನಿ ವಿಶ್ಲೇಷಕ (ಎಂಸಿಎ)
- ರೋಹಿತವನ್ನು ತೋರಿಸುವ ಗಣಕಯಂತ್ರ

ವರ್ಧಕ ಮತ್ತು ವೋಲ್ಟೇಜ್ ಘಟಕಗಳು ಸಾಮಾನ್ಯವಾಗಿ ‘ನಿಮ್’ ಎಂಬ ಮಾನಕಕ್ಕೆ ಅನುಗುಣವಾಗಿರುತ್ತವೆ. 1964ರಲ್ಲಿ ರೂಪುಗೊಂಡ ಈ ಮಾನಕದಿಂದಾಗಿ ಬೇರೆ ಬೇರೆ ತಯಾರಕರ ಘಟಕಗಳನ್ನು ಒಂದೇ ಪೆಟ್ಟಿಗೆಯಲ್ಲಿ (ನಿಮ್ ಬಿನ್) ಕೂಡಿಸಲು ಸಾಧ್ಯವಾಯಿತು. ಈಚಿನ ಅಂಕೀಯ ಉಪಕರಣಗಳಲ್ಲಿ ವರ್ಧಕ, ವೋಲ್ಟೇಜ್ ಘಟಕ ಮತ್ತು ವಿಶ್ಲೇಷಕ ಇವು ಒಂದೇ ಪೆಟ್ಟಿಗೆಯಲ್ಲಿರುತ್ತವೆ. ಆದರೆ ಡಿಟೆಕ್ಟರ್‌ನಿಂದ ಆ ಪೆಟ್ಟಿಗೆಯವರೆಗಿನ ಕೇಬಲುಗಳು ಹಳೆಯ ವ್ಯವಸ್ಥೆಯಲ್ಲಿ ಇದ್ದಂತೆಯೇ ಉಳಿದಿವೆ.

## ಏಕಾಕ್ಷ ಕೇಬಲ್

ಡಿಟೆಕ್ಟರ್ ಸಂಕೇತಗಳಿಗೆ ಏಕಾಕ್ಷ (ಕೋಆಕ್ಸಿಯಲ್) ಕೇಬಲನ್ನು ಬಳಸಲಾಗುತ್ತದೆ. ಇದರಲ್ಲಿ ನಡುವೆ ಒಂದು ತಂತಿ, ಅದರ ಸುತ್ತ ಅವಾಹಕ, ಅದರ ಮೇಲೆ ಹೆಣೆದ ತಾಮ್ರದ ಕವಚ ಮತ್ತು ಹೊರಗೆ ಪ್ಲಾಸ್ಟಿಕ್ ಹೊದಿಕೆ ಇರುತ್ತವೆ. ಹೆಣೆದ ಕವಚವು ಸಂಕೇತದ ಮರಳುದಾರಿಯೂ ಹೌದು, ಹೊರಗಿನ ಅಡಚಣೆಗಳಿಂದ ಕಾಯುವ ರಕ್ಷಣೆಯೂ ಹೌದು. ಹೆಚ್ಚಾಗಿ ಬಳಕೆಯಲ್ಲಿರುವ ಬಗೆಗಳು ಇವು:

- ಆರ್‌ಜಿ-58: 50 ಓಮ್, ಸುಮಾರು 5 ಮಿಲಿಮೀಟರ್ ದಪ್ಪ. ವೇಗದ ಸಂಕೇತಗಳಿಗೂ ಸಾಮಾನ್ಯ ಬಳಕೆಗೂ ಸೂಕ್ತ.
- ಆರ್‌ಜಿ-174: 50 ಓಮ್, ಸುಮಾರು 2.8 ಮಿಲಿಮೀಟರ್ ದಪ್ಪ. ಇಕ್ಕಟ್ಟಿನ ಸ್ಥಳಗಳಲ್ಲಿ, ಅಲ್ಪ ದೂರಕ್ಕೆ ಮಾತ್ರ ಬಳಕೆ.
- ಆರ್‌ಜಿ-59: 75 ಓಮ್. ಪ್ರಯೋಗಾಲಯಗಳಲ್ಲಿ ಇದನ್ನು ಅಧಿಕ ವೋಲ್ಟೇಜನ್ನು ಒಯ್ಯಲು ಬಳಸುವುದು ರೂಢಿ.
- ಆರ್‌ಜಿ-62: 93 ಓಮ್, ಪ್ರತಿ ಮೀಟರಿಗೆ ಸುಮಾರು 44 ಪಿಕೋಫ್ಯಾರಡ್ ಧಾರಕತೆ. ಪೂರ್ವವರ್ಧಕದಿಂದ ಮುಖ್ಯ ವರ್ಧಕಕ್ಕೆ ಹೋಗುವ ಸಂಕೇತಕ್ಕೆ ಇದು ಪ್ರಶಸ್ತ.

ಇಲ್ಲಿ ಹೇಳಿರುವ ಓಮ್ ಸಂಖ್ಯೆಯು ಕೇಬಲಿನ ಲಾಕ್ಷಣಿಕ ಇಂಪೀಡೆನ್ಸ್, ಅಂದರೆ ವೇಗವಾಗಿ ಬದಲಾಗುವ ಸಂಕೇತಕ್ಕೆ ಆ ಕೇಬಲ್ ಒಡ್ಡುವ ತಡೆ. ಇದು ಕೇಬಲಿನ ಉದ್ದವನ್ನು ಅವಲಂಬಿಸುವುದಿಲ್ಲ. ತಂತಿಯ ಮತ್ತು ಕವಚದ ವ್ಯಾಸಗಳ ಅನುಪಾತ ಹಾಗೂ ಅವಾಹಕದ ಗುಣ ಇವುಗಳಿಂದ ನಿರ್ಧಾರವಾಗುತ್ತದೆ. ಆದುದರಿಂದ ಸಾಧಾರಣ ಮಲ್ಟಿಮೀಟರಿನಿಂದ ಇದನ್ನು ಅಳೆಯಲಾಗದು. ಆರ್‌ಜಿ-59 ಮತ್ತು ಆರ್‌ಜಿ-62 ಹೊರನೋಟಕ್ಕೆ ಒಂದೇ ದಪ್ಪವಾಗಿರುವುದರಿಂದ ಹೊದಿಕೆಯ ಮೇಲೆ ಅಚ್ಚಾದ ಗುರುತನ್ನು ಓದಿ ನೋಡುವುದು ಅಗತ್ಯ. ಕೇಬಲ್ ಟಿವಿಗೆ ಬಳಸುವ ತಂತಿಯೂ 75 ಓಮ್‌ನದಾಗಿದ್ದು, ಅದನ್ನು 50 ಅಥವಾ 93 ಓಮ್ ಕೇಬಲಿನ ಜಾಗದಲ್ಲಿ ಬಳಸುವುದು ಸರಿಯಲ್ಲ.

## ಕನೆಕ್ಟರ್‌ಗಳು

ಬಿಎನ್‌ಸಿ. ಸಂಕೇತ ಕೇಬಲುಗಳಿಗೆ ಬಹಳ ಸಾಮಾನ್ಯವಾದ ಕನೆಕ್ಟರ್ ಇದು. ಒತ್ತಿ ಕಾಲು ಸುತ್ತು ತಿರುಗಿಸಿದರೆ ಬಂಧಿಸಿಕೊಳ್ಳುತ್ತದೆ. ಇದರ ವೋಲ್ಟೇಜ್ ಮಿತಿ ಸಾಮಾನ್ಯವಾಗಿ 500 ವೋಲ್ಟ್. ಡಿಟೆಕ್ಟರಿನ ಅಧಿಕ ವೋಲ್ಟೇಜಿಗೆ ಇದು ತಕ್ಕುದಲ್ಲ.

ಎಸ್‌ಎಚ್‌ವಿ. ಅಧಿಕ ವೋಲ್ಟೇಜಿಗಾಗಿಯೇ ರೂಪಿಸಲಾದ ಕನೆಕ್ಟರ್. ಇದರ ಮಿತಿ ಸಾಮಾನ್ಯವಾಗಿ 5000 ವೋಲ್ಟ್. ನಡುವಿನ ಸೂಜಿಯು ಅವಾಹಕದೊಳಗೆ ಆಳವಾಗಿ ಹುದುಗಿರುವುದರಿಂದ ಬೆರಳಿಗೆ ತಾಗುವುದಿಲ್ಲ. ಜೋಡಿಸುವಾಗ ಭೂಸಂಪರ್ಕವು ಮೊದಲು ಕೂಡುತ್ತದೆ, ಬಿಚ್ಚುವಾಗ ಕೊನೆಗೆ ಬಿಡುತ್ತದೆ.

ಎಂಎಚ್‌ವಿ. ಹಳೆಯ ಉಪಕರಣಗಳಲ್ಲಿ ಕಾಣುವ ಅಧಿಕ ವೋಲ್ಟೇಜಿನ ಕನೆಕ್ಟರ್. ಹೊರನೋಟಕ್ಕೆ ಬಿಎನ್‌ಸಿಯನ್ನು ಬಹಳವಾಗಿ ಹೋಲುತ್ತದೆ. ಬಲವಂತದಿಂದ ಒಂದನ್ನು ಇನ್ನೊಂದಕ್ಕೆ ಸೇರಿಸಬಹುದಾದುದರಿಂದ ಸಾವಿರಾರು ವೋಲ್ಟ್‌ಗಳು ಸಂಕೇತ ಘಟಕಕ್ಕೆ ಹರಿಯುವ ಅಪಾಯವಿದೆ. ಬಿಚ್ಚುವಾಗ ಭೂಸಂಪರ್ಕವು ಮೊದಲೇ ತಪ್ಪಬಹುದು. ಈ ಕಾರಣಗಳಿಂದ ಎಸ್‌ಎಚ್‌ವಿ ಇದರ ಸ್ಥಾನವನ್ನು ಪಡೆದಿದೆ.

ಒಂಬತ್ತು ಸೂಜಿಯ ಕನೆಕ್ಟರ್. ಪೂರ್ವವರ್ಧಕಕ್ಕೆ ವಿದ್ಯುತ್ ಪೂರೈಸಲು ಬಳಸುವಂಥದು. ನಿಮ್ ಪದ್ಧತಿಯಲ್ಲಿ 1 ಮತ್ತು 2ನೆಯ ಸೂಜಿಗಳು ಭೂಸಂಪರ್ಕ, 4ನೆಯದು +12 ವೋಲ್ಟ್, 9ನೆಯದು −12 ವೋಲ್ಟ್, 7ನೆಯದು +24 ವೋಲ್ಟ್, 6ನೆಯದು −24 ವೋಲ್ಟ್. ಗಣಕಯಂತ್ರದ ಹಳೆಯ ಸರಣಿ ಕೇಬಲುಗಳಲ್ಲಿಯೂ ಇದೇ ಆಕಾರದ ಕನೆಕ್ಟರ್ ಇರುವುದರಿಂದ ಎರಡನ್ನೂ ಅದಲುಬದಲು ಮಾಡದಂತೆ ಗುರುತುಪಟ್ಟಿ ಅಂಟಿಸುವುದು ಒಳ್ಳೆಯದು.

## ಇಂಪೀಡೆನ್ಸ್ ಹೊಂದಾಣಿಕೆ

ಕೇಬಲಿನ ಕೊನೆಯಲ್ಲಿರುವ ತಡೆಯು ಕೇಬಲಿನ ಇಂಪೀಡೆನ್ಸಿಗೆ ಸಮನಾಗಿರದಿದ್ದರೆ ಸ್ಪಂದದ ಒಂದು ಭಾಗವು ಹಿಂದಕ್ಕೆ ಪ್ರತಿಫಲಿಸುತ್ತದೆ. ಪ್ರತಿಫಲನದ ಪ್ರಮಾಣವನ್ನು ಕಾಣಲು ಕೊನೆಯ ತಡೆಯಿಂದ ಕೇಬಲಿನ ಇಂಪೀಡೆನ್ಸನ್ನು ಕಳೆದು, ಬಂದ ಸಂಖ್ಯೆಯನ್ನು ಅವೆರಡರ ಮೊತ್ತದಿಂದ ಭಾಗಿಸಬೇಕು. ಉದಾಹರಣೆಗೆ, 93 ಓಮ್ ಕೇಬಲಿನ ಕೊನೆಯಲ್ಲಿ 50 ಓಮ್ ತಡೆಯಿದ್ದರೆ ಪ್ರತಿಫಲನವು −0.30. ಅಂದರೆ ಸ್ಪಂದದ ಶೇಕಡಾ 30ರಷ್ಟು ಭಾಗ ತಲೆಕೆಳಗಾಗಿ ಮರಳುತ್ತದೆ. ಕೊನೆಯು ತೆರೆದಿದ್ದರೆ ಪೂರ್ಣ ಸ್ಪಂದವು ಅದೇ ದಿಕ್ಕಿನಲ್ಲಿಯೂ, ಕವಚಕ್ಕೆ ಕೂಡಿಕೊಂಡಿದ್ದರೆ ಪೂರ್ಣ ಸ್ಪಂದವು ತಲೆಕೆಳಗಾಗಿಯೂ ಹಿಂದಿರುಗುತ್ತದೆ.

ಪಾಲಿಥೀನ್ ಅವಾಹಕದ ಕೇಬಲಿನಲ್ಲಿ ಸಂಕೇತವು ಒಂದು ಮೀಟರ್ ಸಾಗಲು ಸುಮಾರು 5 ನ್ಯಾನೋಸೆಕೆಂಡ್ ತೆಗೆದುಕೊಳ್ಳುತ್ತದೆ. ಸ್ಪಂದದ ಏರುವ ಕಾಲವು ಕೇಬಲಿನಲ್ಲಿ ಹೋಗಿಬರುವ ಕಾಲಕ್ಕಿಂತ ಬಹಳ ದೀರ್ಘವಾಗಿದ್ದರೆ ಪ್ರತಿಫಲನವು ಸ್ಪಂದದೊಳಗೇ ಕರಗಿಹೋಗುತ್ತದೆ. ಆದುದರಿಂದ ಮುಖ್ಯ ವರ್ಧಕದಿಂದ ವಿಶ್ಲೇಷಕಕ್ಕೆ ಹೋಗುವ, ಕೆಲವು ಮೈಕ್ರೋಸೆಕೆಂಡ್ ಅಗಲದ ಸ್ಪಂದಗಳಿಗೆ ಒಂದೆರಡು ಮೀಟರ್ ಕೇಬಲಿನಲ್ಲಿ ಹೊಂದಾಣಿಕೆಯ ತೊಂದರೆ ಕಾಣದು. ಪ್ಲಾಸ್ಟಿಕ್ ಸ್ಫುರಕದಂತಹ ವೇಗದ ಡಿಟೆಕ್ಟರ್‌ಗಳಲ್ಲಿ ಮಾತ್ರ ಹೊಂದಾಣಿಕೆಯನ್ನು ಬಿಡುವಂತಿಲ್ಲ. ಅಲ್ಲಿ ಪ್ರತಿಫಲಿತ ಸ್ಪಂದವು ಇನ್ನೊಂದು ಕಣವೆಂದೇ ಎಣಿಕೆಯಾಗಬಹುದು.

ಒಂದೇ ಸಂಕೇತವನ್ನು ಟಿ-ಆಕಾರದ ಕನೆಕ್ಟರಿನಿಂದ ಆಸಿಲೋಸ್ಕೋಪಿಗೂ ವಿಶ್ಲೇಷಕಕ್ಕೂ ಹಂಚುವಾಗ ಆಸಿಲೋಸ್ಕೋಪಿನ ಒಳತಡೆಯನ್ನು 10 ಲಕ್ಷ ಓಮ್‌ಗೆ ಇರಿಸಬೇಕು. ಅದು 50 ಓಮ್‌ಗೆ ಇದ್ದರೆ ಸ್ಪಂದದ ಎತ್ತರ ಕುಸಿದು ರೋಹಿತದ ಎಲ್ಲ ಶೃಂಗಗಳೂ ಕೆಳಗಿನ ವಾಹಿನಿಗಳಿಗೆ ಜಾರುತ್ತವೆ.

## ಜೋಡಣೆಯ ಕ್ರಮ

### ಜರ್ಮೇನಿಯಂ ಡಿಟೆಕ್ಟರ್

ಅತಿಶುದ್ಧ ಜರ್ಮೇನಿಯಂ ಡಿಟೆಕ್ಟರ್ ದ್ರವ ಸಾರಜನಕದ −196 ಡಿಗ್ರಿ ಸೆಲ್ಸಿಯಸ್ ತಾಪದ ಸನಿಹದಲ್ಲಿ ಕೆಲಸ ಮಾಡುತ್ತದೆ. ಇದರ ಜೋಡಣೆಯಲ್ಲಿ ಕ್ರಮಭಂಗವಾದರೆ ಪೂರ್ವವರ್ಧಕದ ಮೊದಲ ಟ್ರಾನ್ಸಿಸ್ಟರ್ ಹಾಳಾಗುವ ಸಂಭವ ಹೆಚ್ಚು. ಅದು ಹಲವು ಡಿಟೆಕ್ಟರ್‌ಗಳಲ್ಲಿ ನಿರ್ವಾತ ಕವಚದೊಳಗೇ ಇರುವುದರಿಂದ ದುರಸ್ತಿಗಾಗಿ ಡಿಟೆಕ್ಟರನ್ನು ತಯಾರಕರಿಗೆ ಕಳುಹಿಸಬೇಕಾಗುತ್ತದೆ. ಸಾಮಾನ್ಯವಾಗಿ ಅನುಸರಿಸುವ ಕ್ರಮ ಹೀಗಿದೆ:

1. ಎಲ್ಲ ಘಟಕಗಳ ವಿದ್ಯುತ್ತನ್ನು ನಿಲ್ಲಿಸಿ, ವೋಲ್ಟೇಜ್ ಘಟಕದ ಗುಂಡಿಯನ್ನು ಸೊನ್ನೆಗೆ ತಿರುಗಿಸಬೇಕು.
2. ಡಿಟೆಕ್ಟರ್ ಪೂರ್ತಿಯಾಗಿ ತಣಿದಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಸಾರಜನಕ ತುಂಬಿದ ಮೇಲೆ ತಯಾರಕರು ಸೂಚಿಸಿದಷ್ಟು ಗಂಟೆಗಳ ಕಾಲ ಕಾಯುವುದು ಕಡ್ಡಾಯ.
3. ಡಿಟೆಕ್ಟರಿನೊಂದಿಗೆ ಬಂದ ಪತ್ರದಲ್ಲಿ ವೋಲ್ಟೇಜಿನ ಧ್ರುವತೆ ಮತ್ತು ಪ್ರಮಾಣವನ್ನು ನೋಡಬೇಕು. ಏಕಾಕ್ಷ ರಚನೆಯ ಪಿ-ಬಗೆಯ ಹರಳಿಗೆ ಧನ ವೋಲ್ಟೇಜು, ಎನ್-ಬಗೆಯ ಹರಳಿಗೆ ಋಣ ವೋಲ್ಟೇಜು. ಪ್ರಮಾಣವು ಸಾಮಾನ್ಯವಾಗಿ 2000ದಿಂದ 5000 ವೋಲ್ಟ್.
4. ಒಂಬತ್ತು ಸೂಜಿಯ ಕನೆಕ್ಟರನ್ನು ಸೇರಿಸಿ ತಿರುಪುಗಳನ್ನು ಬಿಗಿಯಬೇಕು. ವಿದ್ಯುತ್ ಹರಿಯುತ್ತಿರುವಾಗ ಇದನ್ನು ಸೇರಿಸುವುದಾಗಲಿ ಕೀಳುವುದಾಗಲಿ ಕೂಡದು.
5. ಪೂರ್ವವರ್ಧಕದ ಹೊರಸಂಕೇತವನ್ನು 93 ಓಮ್ ಕೇಬಲಿನಿಂದ ಮುಖ್ಯ ವರ್ಧಕಕ್ಕೆ ಜೋಡಿಸಬೇಕು.
6. ಡಿಟೆಕ್ಟರ್ ಬಿಸಿಯಾದರೆ ವೋಲ್ಟೇಜನ್ನು ತಾನಾಗಿಯೇ ಕಡಿದುಹಾಕುವ ತಡೆ ಸಂಕೇತದ ಕೇಬಲನ್ನು ವೋಲ್ಟೇಜ್ ಘಟಕಕ್ಕೆ ಜೋಡಿಸಬೇಕು. ಈ ಕೇಬಲ್ ಇಲ್ಲದೆಯೂ ಅಳತೆ ನಡೆಯುವ ಉಪಕರಣಗಳಿರುವುದರಿಂದ ಇದನ್ನು ಮರೆಯುವುದು ಸುಲಭ. ಸಾರಜನಕ ಮುಗಿದ ರಾತ್ರಿ ಡಿಟೆಕ್ಟರನ್ನು ಉಳಿಸುವುದು ಇದೇ ಕೇಬಲ್.
7. ಅಧಿಕ ವೋಲ್ಟೇಜಿನ ಎಸ್‌ಎಚ್‌ವಿ ಕೇಬಲನ್ನು ಜೋಡಿಸಬೇಕು.
8. ಮುಖ್ಯ ವರ್ಧಕದ ಹೊರಸಂಕೇತವನ್ನು ವಿಶ್ಲೇಷಕಕ್ಕೆ ಜೋಡಿಸಬೇಕು.
9. ನಿಮ್ ಪೆಟ್ಟಿಗೆಗೆ ವಿದ್ಯುತ್ ಕೊಟ್ಟು, ಪೂರ್ವವರ್ಧಕದ ಸಂಕೇತವನ್ನು ಆಸಿಲೋಸ್ಕೋಪಿನಲ್ಲಿ ನೋಡುತ್ತ ವೋಲ್ಟೇಜನ್ನು ನಿಧಾನವಾಗಿ ಏರಿಸಬೇಕು. ವೋಲ್ಟೇಜು ಏರಿದಂತೆ ಗದ್ದಲದ ಪಟ್ಟಿ ಕಿರಿದಾಗುವುದು ಸರಿಯಾದ ಲಕ್ಷಣ. ಅದು ಇದ್ದಕ್ಕಿದ್ದಂತೆ ಹಿಗ್ಗಿದರೆ ವೋಲ್ಟೇಜನ್ನು ತಕ್ಷಣ ಇಳಿಸಬೇಕು.

ಬಿಚ್ಚುವಾಗ ಈ ಕ್ರಮವನ್ನು ಹಿಮ್ಮೊಗವಾಗಿ ಅನುಸರಿಸಲಾಗುತ್ತದೆ. ವೋಲ್ಟೇಜನ್ನು ಸೊನ್ನೆಗೆ ತಂದ ಮೇಲೂ ಸೋಸು ಧಾರಕಗಳಲ್ಲಿ ಆವೇಶ ಉಳಿದಿರುವುದರಿಂದ ಕೆಲವು ನಿಮಿಷ ಕಾದು ಕೇಬಲನ್ನು ಕೀಳಬೇಕು.

### ಸೋಡಿಯಂ ಅಯೋಡೈಡ್ ಡಿಟೆಕ್ಟರ್

ಇದರಲ್ಲಿ ಹರಳಿನ ಮಿನುಗನ್ನು ದ್ಯುತಿಗುಣಕ ನಳಿಕೆಯು ವಿದ್ಯುತ್ ಸ್ಪಂದವಾಗಿ ಪರಿವರ್ತಿಸುತ್ತದೆ. ನಳಿಕೆಯನ್ನು ಸಾಮಾನ್ಯವಾಗಿ 14 ಸೂಜಿಯ ತಳಕ್ಕೆ ಕೂಡಿಸಲಾಗುತ್ತದೆ. ವೋಲ್ಟೇಜು ಹೆಚ್ಚಾಗಿ 600ರಿಂದ 1000 ವೋಲ್ಟ್ ನಡುವೆ ಇರುತ್ತದೆ. ನಳಿಕೆಯ ಗುಣಕವು ವೋಲ್ಟೇಜಿನೊಂದಿಗೆ ತೀವ್ರವಾಗಿ ಏರುವುದರಿಂದ ವೋಲ್ಟೇಜ್ ಕೇಬಲಿನ ಸಡಿಲ ಸಂಪರ್ಕವು ಶೃಂಗಗಳ ಜಾರುವಿಕೆಯಾಗಿ ತೋರುತ್ತದೆ. ವೋಲ್ಟೇಜು ಇರುವಾಗ ನಳಿಕೆಯ ಹೊದಿಕೆಯನ್ನು ತೆರೆದು ಬೆಳಕು ತಾಗಿಸಿದರೆ ನಳಿಕೆ ಕೆಡುತ್ತದೆ.

### ಗೈಗರ್–ಮುಲ್ಲರ್ ನಳಿಕೆ

ಪದವಿ ಮತ್ತು ಸ್ನಾತಕೋತ್ತರ ಪ್ರಯೋಗಾಲಯಗಳಲ್ಲಿ ವಿದ್ಯಾರ್ಥಿಗಳು ಮೊದಲು ಕಾಣುವ ಡಿಟೆಕ್ಟರ್ ಸಾಮಾನ್ಯವಾಗಿ ಇದೇ. ಹಲವು ಮಾದರಿಗಳಲ್ಲಿ ಒಂದೇ ಕೇಬಲ್ ವೋಲ್ಟೇಜನ್ನು ಒಳಕ್ಕೂ ಸ್ಪಂದವನ್ನು ಹೊರಕ್ಕೂ ಒಯ್ಯುತ್ತದೆ. ಎಣಿಕೆಯ ಉಪಕರಣದೊಳಗಿರುವ ಒಂದು ಧಾರಕವು ಸ್ಪಂದವನ್ನಷ್ಟೇ ಬಿಟ್ಟು ಸ್ಥಿರ ವೋಲ್ಟೇಜನ್ನು ತಡೆಯುತ್ತದೆ. ಇದನ್ನು ಕೇವಲ ಸಂಕೇತ ಕೇಬಲೆಂದು ಭಾವಿಸಿ ನೇರವಾಗಿ ಆಸಿಲೋಸ್ಕೋಪಿಗೆ ಜೋಡಿಸಿದರೆ ನೂರಾರು ವೋಲ್ಟ್‌ಗಳು ಅದರೊಳಗೆ ಹರಿಯುತ್ತವೆ.

## ಭೂಸಂಪರ್ಕ ಮತ್ತು ವಿದ್ಯುತ್ ಗದ್ದಲ

ಡಿಟೆಕ್ಟರ್, ನಿಮ್ ಪೆಟ್ಟಿಗೆ ಮತ್ತು ಗಣಕಯಂತ್ರಗಳನ್ನು ಗೋಡೆಯ ಬೇರೆ ಬೇರೆ ಪ್ಲಗ್ಗುಗಳಿಗೆ ಸೇರಿಸಿದಾಗ, ಕೇಬಲಿನ ಕವಚ ಮತ್ತು ಕಟ್ಟಡದ ಭೂತಂತಿ ಎರಡೂ ಸೇರಿ ಒಂದು ಮುಚ್ಚಿದ ಕುಣಿಕೆಯಾಗುತ್ತದೆ. ಸುತ್ತಲಿನ 50 ಹರ್ಟ್ಸ್ ವಿದ್ಯುತ್ತಿನ ಕಾಂತಕ್ಷೇತ್ರವು ಈ ಕುಣಿಕೆಯಲ್ಲಿ ಪ್ರವಾಹವನ್ನು ಪ್ರೇರಿಸುತ್ತದೆ. ಇದಕ್ಕೆ ಭೂಕುಣಿಕೆ (ಗ್ರೌಂಡ್ ಲೂಪ್) ಎನ್ನುತ್ತಾರೆ. ಪೂರ್ವವರ್ಧಕವು 1 ಎಂಇವಿ ಶಕ್ತಿಗೆ 200 ಮಿಲಿವೋಲ್ಟ್ ಕೊಡುತ್ತದೆ ಎಂದಿಟ್ಟುಕೊಂಡರೆ, ಕೇವಲ 1 ಮಿಲಿವೋಲ್ಟ್ ಅಲುಗಾಟವು 5 ಕೆಇವಿಗೆ ಸಮ. ಒಳ್ಳೆಯ ಜರ್ಮೇನಿಯಂ ಡಿಟೆಕ್ಟರಿನ ಪೃಥಕ್ಕರಣವೋ ಕೋಬಾಲ್ಟ್-60ರ 1332 ಕೆಇವಿ ಶೃಂಗದಲ್ಲಿ ಸುಮಾರು 2 ಕೆಇವಿ. ಮುಖ್ಯ ವರ್ಧಕವು ಈ ಗದ್ದಲದ ಬಹುಭಾಗವನ್ನು ಸೋಸಿಹಾಕಿದರೂ ಉಳಿದದ್ದು ಶೃಂಗವನ್ನು ಅಗಲಗೊಳಿಸಲು ಸಾಕು.

ಇದನ್ನು ತಡೆಯಲು ಅನುಸರಿಸುವ ಉಪಾಯಗಳು:

- ಎಲ್ಲ ಘಟಕಗಳಿಗೂ ಒಂದೇ ಸ್ಥಳದಿಂದ ವಿದ್ಯುತ್ ಮತ್ತು ಭೂಸಂಪರ್ಕ ಕೊಡುವುದು.
- ಡಿಟೆಕ್ಟರಿನ ಎಲ್ಲ ಕೇಬಲುಗಳನ್ನೂ ಒಂದೇ ಕಟ್ಟಾಗಿ, ಒಂದೇ ದಾರಿಯಲ್ಲಿ ಒಯ್ಯುವುದು. ಇದರಿಂದ ಕುಣಿಕೆಯ ವಿಸ್ತೀರ್ಣ ಕುಗ್ಗುತ್ತದೆ.
- ನಿರ್ವಾತ ಪಂಪು, ಹವಾನಿಯಂತ್ರಕ, ಟ್ರಾನ್ಸ್‌ಫಾರ್ಮರ್ ಇವುಗಳ ವಿದ್ಯುತ್ ತಂತಿಗಳಿಂದ ಸಂಕೇತ ಕೇಬಲನ್ನು ದೂರವಿಡುವುದು. ದಾಟಲೇಬೇಕಾದಲ್ಲಿ ಲಂಬಕೋನದಲ್ಲಿ ದಾಟಿಸುವುದು.
- ಪೂರ್ವವರ್ಧಕದ ಪರೀಕ್ಷಾ ದ್ವಾರದಲ್ಲಿ ಬಳಸದ ಕೇಬಲನ್ನು ನೇತುಬಿಡದಿರುವುದು. ಅದು ಆಂಟೆನಾದಂತೆ ವರ್ತಿಸುತ್ತದೆ.

ಗದ್ದಲವನ್ನು ಕಡಿಮೆ ಮಾಡಲೆಂದು ಪ್ಲಗ್ಗಿನ ಭೂಸೂಜಿಯನ್ನು ಕಿತ್ತುಹಾಕುವುದು ಅಪಾಯಕರ. ಅಂತಹ ಉಪಕರಣದಲ್ಲಿ ವಿದ್ಯುತ್ ಸೋರಿದರೆ ಅದರ ಲೋಹದ ಹೊರಮೈಗೆ 230 ವೋಲ್ಟ್ ಬರುತ್ತದೆ.

## ಕರಾವಳಿಯ ಹವಾಮಾನದ ಪ್ರಭಾವ

ಮಂಗಳೂರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾರಿ ಮಳೆಯಾಗುತ್ತದೆ ಮತ್ತು ಗಾಳಿಯ ತೇವಾಂಶ ಬಹಳ ಹೆಚ್ಚಿರುತ್ತದೆ. ಅಧಿಕ ವೋಲ್ಟೇಜಿನ ಕನೆಕ್ಟರಿನ ಅವಾಹಕದ ಮೇಲೆ ತೇವ ಮತ್ತು ಧೂಳಿನ ತೆಳುಪದರ ಕೂತರೆ ಅದರ ಮೂಲಕ ವಿದ್ಯುತ್ ಸೋರುತ್ತದೆ. ಈ ಸೋರಿಕೆಯು ಅಡೆತಡೆಯಾಗಿ, ಚಿಕ್ಕ ಚಿಕ್ಕ ಸಿಡಿತಗಳಾಗಿ ನಡೆಯುವುದರಿಂದ ಅದು ಸ್ಪಂದಗಳಂತೆಯೇ ಎಣಿಕೆಗೆ ಸೇರುತ್ತದೆ. ಕಡಲಗಾಳಿಯ ಲವಣವು ಕನೆಕ್ಟರಿನ ಲೋಹವನ್ನು ಕಿಲುಬುಗೊಳಿಸಿ ಸಂಪರ್ಕದ ತಡೆಯನ್ನು ಹೆಚ್ಚಿಸುತ್ತದೆ. ದ್ರವ ಸಾರಜನಕದ ಪಾತ್ರೆಯ ಕತ್ತಿನ ಭಾಗವು ತಣ್ಣಗಿರುವುದರಿಂದ ಅಲ್ಲಿ ನೀರು ಹನಿಗಟ್ಟಿ ಸಮೀಪದ ಕನೆಕ್ಟರ್‌ಗಳಿಗೆ ಇಳಿಯಬಹುದು. ಹವಾನಿಯಂತ್ರಕವನ್ನು ನಿಲ್ಲಿಸಿ ಬಾಗಿಲು ತೆರೆದಿಟ್ಟಾಗ ತಣಿದ ಲೋಹದ ಮೇಲೆ ಹೊರಗಿನ ತೇವವು ಸಾಂದ್ರೀಕರಿಸುತ್ತದೆ.

ಇಲ್ಲಿ ಒಂದು ವಿಶೇಷ ತೊಡಕಿದೆ. ಮಳೆ ಬಂದಾಗ ಬಯಲಿನ ಗಾಮಾ ವಿಕಿರಣವು ನಿಜವಾಗಿಯೂ ಏರುತ್ತದೆ. ಗಾಳಿಯಲ್ಲಿರುವ ರೇಡಾನ್ ಅನಿಲದ ಸಂತತಿಗಳಾದ ಸೀಸ-214 ಮತ್ತು ಬಿಸ್ಮತ್-214 ಮಳೆಹನಿಗಳೊಡನೆ ನೆಲಕ್ಕಿಳಿಯುವುದೇ ಇದಕ್ಕೆ ಕಾರಣ. ಹೀಗಾಗಿ ಮಳೆಗಾಲದಲ್ಲಿ ಎಣಿಕೆ ಹೆಚ್ಚಿದಾಗ ಅದು ಪರಿಸರದ ನಿಜವಾದ ಬದಲಾವಣೆಯೋ ತೇವಗೊಂಡ ಕನೆಕ್ಟರಿನ ಸೋರಿಕೆಯೋ ಎಂಬುದನ್ನು ವಿವೇಚಿಸಬೇಕಾಗುತ್ತದೆ. ಒಟ್ಟು ಎಣಿಕೆಯನ್ನಷ್ಟೇ ನೋಡಿದರೆ ಎರಡೂ ಒಂದೇ ಬಗೆಯಾಗಿ ಕಾಣುತ್ತವೆ. ರೋಹಿತವನ್ನು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ರೇಡಾನ್ ಸಂತತಿಗಳಿಂದಾದ ಏರಿಕೆಯಲ್ಲಿ 352 ಮತ್ತು 609 ಕೆಇವಿ ಶೃಂಗಗಳು ಬೆಳೆಯುತ್ತವೆ. ಸೀಸ-214ರ ಅರ್ಧಾಯುಷ್ಯ ಸುಮಾರು 27 ನಿಮಿಷ, ಬಿಸ್ಮತ್-214ರದು ಸುಮಾರು 20 ನಿಮಿಷ. ಆದುದರಿಂದ ಮಳೆ ನಿಂತ ಕೆಲವೇ ಗಂಟೆಗಳಲ್ಲಿ ಆ ಏರಿಕೆ ಇಳಿದುಹೋಗುತ್ತದೆ. ಸೋರಿಕೆಯ ಎಣಿಕೆಗಳು ಸಾಮಾನ್ಯವಾಗಿ ಶೃಂಗವಿಲ್ಲದೆ ಕೆಳಗಿನ ವಾಹಿನಿಗಳಲ್ಲಿ ರಾಶಿಯಾಗುತ್ತವೆ ಮತ್ತು ಕನೆಕ್ಟರ್ ಒಣಗುವವರೆಗೂ ಉಳಿಯುತ್ತವೆ.

ಮುಂಗಾರಿಗೆ ಮೊದಲು ಮತ್ತು ಹಿಂಗಾರಿನಲ್ಲಿ ಬರುವ ಗುಡುಗು ಸಿಡಿಲುಗಳಿಂದ ವಿದ್ಯುತ್ ಜಾಲದಲ್ಲಿ ಏರಿಳಿತಗಳಾಗುತ್ತವೆ. ವಿದ್ಯುತ್ ಹೋಗಿ ಮರಳಿದಾಗ ಡಿಟೆಕ್ಟರಿಗೆ ಪೂರ್ಣ ವೋಲ್ಟೇಜು ಒಮ್ಮೆಲೆ ತಾಗದಂತೆ ಯುಪಿಎಸ್ ಮತ್ತು ಸೊನ್ನೆಯಿಂದಲೇ ಏರುವ ವೋಲ್ಟೇಜ್ ಘಟಕವನ್ನು ಬಳಸಲಾಗುತ್ತದೆ. ಕರಾವಳಿಯ ಮುರಕಲ್ಲಿನ (ಜಂಬಿಟ್ಟಿಗೆ) ನೆಲವು ಬೇಸಗೆಯಲ್ಲಿ ಒಣಗಿದಾಗ ಅದರ ವಿದ್ಯುತ್ ತಡೆ ಹೆಚ್ಚುವುದರಿಂದ ಭೂಸಂಪರ್ಕದ ಗುಂಡಿಯನ್ನು ಬೇಸಗೆಯಲ್ಲಿ ಪರೀಕ್ಷಿಸುವುದು ಉಚಿತ.

ಬಳಸದ ಕೇಬಲುಗಳನ್ನು ಸಿಲಿಕಾ ಜೆಲ್ ಇರಿಸಿದ ಮುಚ್ಚಿದ ಡಬ್ಬಿಯಲ್ಲಿಡುವುದು, ಖಾಲಿ ಕನೆಕ್ಟರ್‌ಗಳಿಗೆ ಮುಚ್ಚಳ ಹಾಕುವುದು, ಅವಾಹಕದ ಮೇಲ್ಮೈಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಪೂರ್ತಿ ಒಣಗಿದ ಮೇಲಷ್ಟೇ ವೋಲ್ಟೇಜು ಕೊಡುವುದು ಸಾಮಾನ್ಯ ಪಾಲನಾ ಕ್ರಮಗಳು.

## ದೋಷಗಳು ಮತ್ತು ಲಕ್ಷಣಗಳು

- ಸ್ಪಂದವೇ ಇಲ್ಲ: ಪೂರ್ವವರ್ಧಕಕ್ಕೆ ವಿದ್ಯುತ್ ಇಲ್ಲದಿರುವುದು, ಕೇಬಲಿನ ನಡುತಂತಿ ತುಂಡಾಗಿರುವುದು ಅಥವಾ ವರ್ಧಕದಲ್ಲಿ ತಪ್ಪು ಧ್ರುವತೆ.
- ಪ್ರತಿ 20 ಮಿಲಿಸೆಕೆಂಡಿಗೊಮ್ಮೆ ಮರುಕಳಿಸುವ ಅಲೆ: ಭೂಕುಣಿಕೆ ಅಥವಾ ಕವಚದ ಸಂಪರ್ಕ ಕಡಿದಿರುವುದು.
- ಕೇಬಲನ್ನು ಮುಟ್ಟಿದಾಗ ಎಣಿಕೆ ಹೆಚ್ಚುವುದು: ಸಡಿಲ ಕನೆಕ್ಟರ್ ಅಥವಾ ಒಡೆದ ಬೆಸುಗೆ.
- ಒಂದೇ ಶಕ್ತಿಗೆ ಎರಡು ಶೃಂಗಗಳು: ಎಣಿಕೆಯ ನಡುವೆ ಸಂಪರ್ಕ ಬದಲಾಗಿ ಸ್ಪಂದದ ಎತ್ತರ ವ್ಯತ್ಯಾಸಗೊಂಡಿರುವುದು.
- ತೇವದ ದಿನಗಳಲ್ಲಿ ಮಾತ್ರ ಕಾಣುವ ಸಿಡಿತದಂತಹ ಸ್ಪಂದಗಳು: ಅಧಿಕ ವೋಲ್ಟೇಜಿನ ಕನೆಕ್ಟರಿನಲ್ಲಿ ಸೋರಿಕೆ.

ದೋಷವನ್ನು ಹುಡುಕುವಾಗ ಒಂದು ಬಾರಿಗೆ ಒಂದೇ ಕೇಬಲನ್ನು ಬದಲಿಸುವುದು ಮತ್ತು ಸರಿಯಿದೆಯೆಂದು ಗೊತ್ತಿರುವ ಕೇಬಲನ್ನು ಹೋಲಿಕೆಗೆ ಇಟ್ಟುಕೊಳ್ಳುವುದು ರೂಢಿ. ಮಲ್ಟಿಮೀಟರಿನಿಂದ ನಡುತಂತಿ ಮತ್ತು ಕವಚಗಳ ಅಖಂಡತೆಯನ್ನು ನೋಡುವಾಗ ಕೇಬಲಿನ ಎರಡೂ ತುದಿಗಳು ಉಪಕರಣದಿಂದ ಬಿಚ್ಚಿರಬೇಕು.

## ಮಾಪನದ ವಿಶ್ವಾಸಾರ್ಹತೆ

ಪರಿಸರದ ಮಾದರಿಗಳಲ್ಲಿ ವಿಕಿರಣಶೀಲತೆ ಅತ್ಯಲ್ಪವಾಗಿರುವುದರಿಂದ ಒಂದೊಂದು ಮಾದರಿಯನ್ನು ಹಲವು ಗಂಟೆಗಳ ಕಾಲ ಎಣಿಸಬೇಕಾಗುತ್ತದೆ. 60,000 ಸೆಕೆಂಡುಗಳ ಎಣಿಕೆಯೊಂದರಲ್ಲಿ ಸಡಿಲ ಕನೆಕ್ಟರಿನಿಂದ ಒಟ್ಟು 6,000 ಸೆಕೆಂಡು ಸಂಕೇತ ಕಡಿದುಹೋದರೆ ವಿಶ್ಲೇಷಕದ ಗಡಿಯಾರವು ನಿಲ್ಲುವುದಿಲ್ಲ. ಫಲಿತಾಂಶವು ನಿಜವಾದುದಕ್ಕಿಂತ ಶೇಕಡಾ 10ರಷ್ಟು ಕಡಿಮೆಯಾಗುತ್ತದೆ. ಶೃಂಗಗಳ ಸ್ಥಾನ ಮತ್ತು ಆಕಾರ ಸರಿಯಾಗಿಯೇ ಇರುವುದರಿಂದ ರೋಹಿತವನ್ನು ನೋಡಿ ಈ ನಷ್ಟವನ್ನು ಕಂಡುಹಿಡಿಯಲಾಗದು. ಉಳ್ಳಾಲದ ಮರಳಿನಲ್ಲಿ ಥೋರಿಯಂ ಸರಣಿಯ ಪ್ರಮಾಣ ಎಷ್ಟು, ಕೈಗಾದ ಸುತ್ತಲಿನ ಮಣ್ಣಿನಲ್ಲಿ ಸೀಸಿಯಂ-137 ಹಿಂದಿನದಕ್ಕಿಂತ ಹೆಚ್ಚಿದೆಯೇ ಎಂಬಂತಹ, ಜನರ ಆತಂಕಕ್ಕೂ ಭರವಸೆಗೂ ಸಂಬಂಧಿಸಿದ ಪ್ರಶ್ನೆಗಳಿಗೆ ಉತ್ತರ ಇಂತಹ ಸಂಖ್ಯೆಗಳಿಂದಲೇ ದೊರೆಯಬೇಕು.

ಇದಕ್ಕೆ ಪರಿಹಾರವಾಗಿ ದೀರ್ಘ ಎಣಿಕೆಯನ್ನು ಸಣ್ಣ ಅವಧಿಗಳಾಗಿ ವಿಭಜಿಸಿ ಹೋಲಿಸುವುದು, ಎಣಿಕೆಯ ಮೊದಲು ಮತ್ತು ನಂತರ ಗೊತ್ತಿರುವ ವಿಕಿರಣ ಮೂಲವನ್ನು ಅಳೆಯುವುದು ಹಾಗೂ ಹಿನ್ನೆಲೆಯಲ್ಲಿ ಎಲ್ಲೆಡೆಯೂ ಇರುವ ಪೊಟ್ಯಾಸಿಯಂ-40ರ 1460.8 ಕೆಇವಿ ಮತ್ತು ಥ್ಯಾಲಿಯಂ-208ರ 2614.5 ಕೆಇವಿ ಶೃಂಗಗಳ ಸ್ಥಾನವನ್ನು ದಾಖಲಿಸುವುದು ಬಳಕೆಯಲ್ಲಿದೆ. ಯಾವ ಕೇಬಲನ್ನು ಯಾವ ದಿನ ಬದಲಿಸಲಾಯಿತು ಎಂಬುದನ್ನು ಉಪಕರಣದ ದಿನಚರಿ ಪುಸ್ತಕದಲ್ಲಿ ಬರೆದಿಡುವುದೂ ಮಾಪನದ ಭಾಗವೆಂದು ಪರಿಗಣಿತವಾಗಿದೆ.

## ಕೋಲಾರ ಚಿನ್ನದ ಗಣಿಯ ಪ್ರಯೋಗಗಳು

ಕರ್ನಾಟಕದಲ್ಲಿ ಡಿಟೆಕ್ಟರ್ ಜೋಡಣೆಯ ಇತಿಹಾಸದಲ್ಲಿ ಕೋಲಾರ ಚಿನ್ನದ ಗಣಿಗೆ ಮುಖ್ಯ ಸ್ಥಾನವಿದೆ. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹ್ಯಾಮ್ ವಿಶ್ವವಿದ್ಯಾನಿಲಯಗಳ ವಿಜ್ಞಾನಿಗಳು ಅಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ವಾಯುಮಂಡಲದ ನ್ಯೂಟ್ರಿನೋಗಳಿಂದಾದ ಘಟನೆಗಳನ್ನು ದಾಖಲಿಸಿದರು. ಪ್ಲಾಸ್ಟಿಕ್ ಸ್ಫುರಕಗಳಿಂದ ಏಕಕಾಲದಲ್ಲಿ ಸಂಕೇತ ಬಂದಾಗ ನಿಯಾನ್ ಮಿಂಚುನಳಿಕೆಗಳಿಗೆ ಅಧಿಕ ವೋಲ್ಟೇಜಿನ ಸ್ಪಂದ ಕೊಟ್ಟು ಕಣದ ಜಾಡನ್ನು ಕಾಣುವ ವಿಧಾನ ಅದರಲ್ಲಿತ್ತು. 1980ರ ದಶಕದಲ್ಲಿ ಅದೇ ಗಣಿಯಲ್ಲಿ ಪ್ರೋಟಾನ್ ಕ್ಷಯವನ್ನು ಹುಡುಕಲು ಸುಮಾರು 1600 ಅನಿಲ ಎಣಿಕೆ ನಳಿಕೆಗಳ ವ್ಯವಸ್ಥೆಯನ್ನು ನಿರ್ಮಿಸಲಾಗಿತ್ತು.

ಏಕಕಾಲಿಕತೆಯನ್ನು ಆಧರಿಸಿದ ಇಂತಹ ಪ್ರಯೋಗಗಳಲ್ಲಿ ಕೇಬಲುಗಳ ಉದ್ದವೂ ಅಳತೆಗೆ ಸೇರುತ್ತದೆ. ಒಂದು ಡಿಟೆಕ್ಟರಿನ ಕೇಬಲ್ ಇನ್ನೊಂದಕ್ಕಿಂತ 20 ಮೀಟರ್ ಉದ್ದವಾಗಿದ್ದರೆ ಅದರ ಸಂಕೇತವು ಸುಮಾರು 100 ನ್ಯಾನೋಸೆಕೆಂಡ್ ತಡವಾಗಿ ತಲುಪುತ್ತದೆ. ಏಕಕಾಲವೆಂದು ಒಪ್ಪುವ ಅವಧಿ ಇದಕ್ಕಿಂತ ಕಿರಿದಾಗಿದ್ದರೆ ನಿಜವಾದ ಘಟನೆಗಳು ಕೈತಪ್ಪುತ್ತವೆ. ಆದುದರಿಂದ ಕೇಬಲುಗಳನ್ನು ಸಮ ಉದ್ದಕ್ಕೆ ಕತ್ತರಿಸುವುದು ಅಥವಾ ವ್ಯತ್ಯಾಸವನ್ನು ವಿಳಂಬ ಘಟಕದಿಂದ ಸರಿದೂಗಿಸುವುದು ಅಗತ್ಯ.

## ಸುರಕ್ಷತೆ

ಡಿಟೆಕ್ಟರಿನ ವೋಲ್ಟೇಜ್ ಘಟಕಗಳು ಕೊಡುವ ಪ್ರವಾಹ ಸಾಮಾನ್ಯವಾಗಿ ಕಡಿಮೆ. ಆದರೂ 0.01 ಮೈಕ್ರೋಫ್ಯಾರಡ್ ಧಾರಕವೊಂದು 3000 ವೋಲ್ಟ್‌ನಲ್ಲಿ 0.045 ಜೂಲ್ ಶಕ್ತಿಯನ್ನು ಹಿಡಿದಿಡುತ್ತದೆ. ಇದು ಬೆಚ್ಚಿಬೀಳಿಸುವ ಆಘಾತ ಕೊಡಲೂ ಪೂರ್ವವರ್ಧಕದ ಟ್ರಾನ್ಸಿಸ್ಟರನ್ನು ಸುಡಲೂ ಸಾಕು. ಒದ್ದೆ ಕೈಯಿಂದ ಕನೆಕ್ಟರನ್ನು ಮುಟ್ಟದಿರುವುದು, ಹೊದಿಕೆ ಬಿರುಕುಬಿಟ್ಟ ಕೇಬಲನ್ನು ಬಳಕೆಯಿಂದ ತೆಗೆಯುವುದು, ಅಧಿಕ ವೋಲ್ಟೇಜಿನ ಕೇಬಲುಗಳಿಗೆ ಕೆಂಪು ಗುರುತು ಹಾಕುವುದು ಮತ್ತು ವಿದ್ಯಾರ್ಥಿಗಳು ಮಾಡಿದ ಜೋಡಣೆಯನ್ನು ವೋಲ್ಟೇಜು ಕೊಡುವ ಮುನ್ನ ಇನ್ನೊಬ್ಬರು ಪರಿಶೀಲಿಸುವುದು ಪ್ರಯೋಗಾಲಯಗಳಲ್ಲಿ ಪಾಲಿಸಬೇಕಾದ ಕ್ರಮಗಳು. ದ್ರವ ಸಾರಜನಕವು ಆವಿಯಾಗಿ ಕೊಠಡಿಯ ಆಮ್ಲಜನಕದ ಪ್ರಮಾಣವನ್ನು ತಗ್ಗಿಸುವುದರಿಂದ, ತೇವವನ್ನು ತಡೆಯಲೆಂದು ಕೊಠಡಿಯನ್ನು ಮುಚ್ಚಿಡುವ ಕಡೆಗಳಲ್ಲಿಯೂ ಗಾಳಿಯಾಡುವ ವ್ಯವಸ್ಥೆ ಇರಲೇಬೇಕು.

## ಇವನ್ನೂ ನೋಡಿ

- ಗಾಮಾ ಕಿರಣ
- ಗೈಗರ್–ಮುಲ್ಲರ್ ನಳಿಕೆ
- ಮಂಗಳೂರು ವಿಶ್ವವಿದ್ಯಾನಿಲಯ
- ಕೈಗಾ ಅಣು ವಿದ್ಯುತ್ ಸ್ಥಾವರ
- ಕೋಲಾರ ಚಿನ್ನದ ಗಣಿ